ನೆಲ ಮುಟ್ಟದ ಸವಾರಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಹೊಲಿಗೆ ಮಷೀನಿನ ಸೂಜಿ ಮುರಿದು ಹೋಗಲಿ. ಸೂಜಿ ನಿನ್ನೆಯೇ ಮುರಿದಿದೆ, ನಿಜ. ಆದರೆ ಅದು ಬೇರೆ ಕತೆಗೆ ಮುರಿದದ್ದು.

ನಾನು ಅಲ್ಲಾಬಕ್ಷ. ಶಹಾಪುರ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಸೀಟ್ ಕವರಿನ ಅಂಗಡಿ. ಆಟೋ, ಟಂಟಂ, ಟ್ರ್ಯಾಕ್ಟರು, ಹೀಗೆ ಕೂರಲು ಜಾಗವಿರುವ ಎಲ್ಲಕ್ಕೂ ಬಟ್ಟೆ ಹೊಲಿಯುತ್ತೇನೆ. ಪಕ್ಕದ ಚಹಾದಂಗಡಿಯ ಬೆಂಚಿನ ಮೇಲೆ ನನ್ನೆದುರು ಕೂತವನು ಅಂಬ್ರಪ್ಪ. ಭೀಮರಾಯನಗುಡಿಯ ನೀರಾವರಿ ಆಫೀಸಿನಲ್ಲಿ ಗುಮಾಸ್ತ. ಯಾದಗಿರಿ ಬಸ್ಸು ಬರುವ ತನಕ ನನ್ನ ಮಾತು ಕೇಳುತ್ತಾನೆ, ಬಂದ ಮೇಲೆ "ಎಲ್ಲಾ ಸುಳ್ಳು" ಎಂದು ಹೇಳಿ ಬಸ್ಸು ಹತ್ತುತ್ತಾನೆ. ವರ್ಷಗಟ್ಟಲೆ ಹೀಗೇ ನಡೆದಿದೆ.

ಇವತ್ತು ಅವನೇ ಕೆಣಕಿದ.

"ಬಕ್ಷಾ, ನಿಮ್ಮ ತಂಗಿ ಕಾರ ತಗೊಂಡಾಳಂತ. ಖರೇ ಏನು?"

ತಾನಾಗಿಯೇ ಬಂದು ಬಲೆಗೆ ಬಿದ್ದವನನ್ನು ಬಿಡುವುದುಂಟೆ? ಚಹಾ ಇನ್ನೊಂದು ಹೇಳಿ ಶುರು ಮಾಡಿದೆ.

ನನ್ನ ತಂಗಿ ಅರ್ಜುಮಂದ ಸುರಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ನಮ್ಮ ಅಮ್ಮೀ, ಖುರ್ಷೀದಬೇಗಂ, ಅವಳ ಜೊತೆಯಲ್ಲೇ ಇದ್ದಾಳೆ. ಹುಟ್ಟಿದಾಗಿನಿಂದ ಅರ್ಜುಮಂದಳ ಪಾಲಿಗೆ ಬಂದದ್ದೆಲ್ಲ ನಾನು ಸವೆಸಿ ಬಿಟ್ಟದ್ದು. ನನ್ನ ಚೀಲ, ನನ್ನ ಸೈಕಲ್ಲು, ನನ್ನ ಪಾಟಿ. ಆ ಪಾಟಿಯ ಮೇಲೆ ನಾನು ಎಷ್ಟು ಒತ್ತಿ ಬರೆದಿದ್ದೆನೆಂದರೆ, ಅವಳು ಏನೇ ಲೆಕ್ಕ ಬರೆದರೂ ಕೆಳಗೆ ನನ್ನ ತಪ್ಪು ಉತ್ತರ ಕಾಣುತ್ತಿತ್ತು. ಅದನ್ನು ಅಳಿಸುವ ಹಟದಲ್ಲೇ ಅವಳು ಗಣಿತದ ಟೀಚರಾದಳು. ಈ ಕೀರ್ತಿ ನನಗೆ ಸಲ್ಲಬೇಕು, ಯಾರೂ ಸಲ್ಲಿಸಿಲ್ಲ.

ಹೀಗಾಗಿ ಕಾರು ಕೊಳ್ಳುವ ಮಾತು ಬಂದಾಗ ಅವಳು ನನ್ನನ್ನು ಕೂರಿಸಿಕೊಂಡು ಹೇಳಿದಳು. ನಮ್ಮ ಮನೆಮಾತು ದಖನಿ, ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ.

"ಭೈಯ್ಯಾ, ಶೋರೂಮಿನವ್ರು ನಡಸ್ಕೊಂಡು ತರೋದು ಬ್ಯಾಡ. ಲಾರಿ ಮ್ಯಾಲೆ ಬರ್ಲಿ, ನಮ್ಮ ಬಾಗಲ ಮುಂದ ಇಳೀಲಿ. ಅಮ್ಮೀ ಹೊಸ್ತಲದಿಂದ ಸೀದಾ ಕಾರಿನಾಗ ಕಾಲಿಡಬೇಕು. ಮೊದಲ್ನೇ ಕಿಲೋಮೀಟರ್ ನಾನೇ ಹೊಡೀಬೇಕು. ಅದರಾಗ ಯಾರ ಪಾಲೂ ಇಲ್ಲ."

"ಫ್ಯಾಕ್ಟರಿಯೊಳಗ ಒಂದೆರಡು ಸುತ್ತು ಹೊಡ್ದಿರ್ತಾರಲ್ಲ?" ಎಂದೆ.

"ಅದು ತೊಟ್ಲದಾಗ ಆಡಿದ್ದು. ನಡೆದದ್ದಲ್ಲ."

ಗಣಿತದವರ ಜೊತೆ ವಾದಿಸಬಾರದು.

ಬಣ್ಣವೂ ಅಷ್ಟೇ. ಒಣಮೆಣಸಿನಕಾಯಿಯ ಕೆಂಪೇ ಬೇಕು. ಬಿಳಿ ಯಾಕಾಗಬಾರದು ಎಂದು ಕೇಳಿದ್ದಕ್ಕೆ, "ಬಿಳೀ ಕಾರ ಮನಿ ಮುಂದ ನಿಂತ್ರ ಜನ ಅರ್ಜಿ ಹಿಡ್ಕೊಂಡು ಬರ್ತಾರ" ಎಂದಳು. ಆ ಕೆಂಪು ಯಾದಗಿರಿಯಲ್ಲಿರಲಿಲ್ಲ, ಕಲಬುರಗಿಯಲ್ಲಿರಲಿಲ್ಲ, ಹೈದರಾಬಾದಿನಲ್ಲಿ ಮಾರಿ ಮುಗಿದಿತ್ತು. ಸಿಕ್ಕಿದ್ದು ನಾಗಪುರದಲ್ಲಿ.

"ನಾಗಪುರದಿಂದ ಒಂದು ಕಾರು?" ಅಂಬ್ರಪ್ಪ ಬಾಯಿ ತೆರೆದ.

"ಕಿತ್ತಳೆ ಹಣ್ಣು ಬರ್ತದ, ಕಾರು ಬರಬಾರದೇನು?"

ಒಂದೇ ಕಾರು ಹೊರುವ, ಮೇಲೆಲ್ಲ ಬಯಲಾಗಿರುವ ಲಾರಿಯಲ್ಲಿ ಅದನ್ನು ತಂದವನು ತೌಹೀದ ಎಂಬ ಡ್ರೈವರ್. ಗುರುಮಿಠಕಲ್ ದಾಟಿ ಅವನು ಯಾದಗಿರಿಗೆ ಬಂದಾಗ ನಾನು ಹೊದಿಕೆ ಹಿಡಿದು ಕಾಯುತ್ತಿದ್ದೆ. ತಂಗಿಯ ಕಾರಿನ ಮೇಲೆ ನಮ್ಮ ರಸ್ತೆಯ ಧೂಳು ಕೂರಬಾರದೆಂದು ನಾನೇ ಹೊಲಿದದ್ದು. ಮದುವೆಯ ಬಸ್ಸೊಂದರ ಸೀಟಿಗೆ ತಂದಿದ್ದ ಹಸಿರು ಮಖಮಲ್ಲು ಉಳಿದಿತ್ತು. ಅಂಚಿಗೆ ಬಂಗಾರದ ಜರಿ ಇತ್ತು. ಅಷ್ಟು ಚಂದದ ಜರಿ ಕೀಳಲು ಯಾವ ದರ್ಜಿಗೆ ಮನಸ್ಸು ಬರುತ್ತದೆ?

ಈ ತೌಹೀದನಿಗೆ ಒಂದು ರೂಢಿ. ಲಾರಿಯ ಮೇಲೆ ಏರಿದ್ದಕ್ಕೆಲ್ಲ ಅವನು ಸವಾರಿ ಅನ್ನುತ್ತಾನೆ. ಸಿಮೆಂಟೂ ಸವಾರಿ, ಎಮ್ಮೆಯೂ ಸವಾರಿ. ಯಾದಗಿರಿ ಬಿಡುವಾಗ ಅಮ್ಮೀಗೆ ಫೋನು ಹಚ್ಚಿ ಹೇಳಿದ: "ಅಮ್ಮಾ, ತುಮ್ಹಾರೀ ಸವಾರಿ ನಿಕಲ್ ಗಯೀ."

ಅಮ್ಮೀ ಖುಷಿಯಲ್ಲಿ ಗೋಡೆಯ ಮೇಲಿಂದ ಪಕ್ಕದ ಮನೆಯ ಬಸ್ಸಮ್ಮನಿಗೆ ಕೂಗಿದಳು.

"ಬಸ್ಸಮ್ಮಾ, ಯಾದಗಿರಿಯಿಂದ ಸವಾರಿ ಹೊಂಟದಂತ!"

ಅಮ್ಮೀ ಹೇಳಿದ್ದು ಕಾರು. ಬಸ್ಸಮ್ಮ ಕೇಳಿದ್ದು ಪೀರ. ನಮ್ಮ ಕಡೆ ಸವಾರಿ ಎಂದರೆ ಮೊಹರಂನಲ್ಲಿ ಪೀರ ದೇವರ ಅಂಗೈಯಾಕಾರದ ಪಂಜವನ್ನು ಹೊತ್ತು ಹೊರಡುವ ಮೆರವಣಿಗೆ. ಹಲಗೆ ಬಡಿಯುವವರು ಮುಂದೆ, ಎಲ್ಲ ಜಾತಿಯ ಜನ ಹಿಂದೆ. ಬಸ್ಸಮ್ಮ ಶಹಾಪುರದ ಬೀಗರಿಗೆ ಫೋನು ಹಚ್ಚಿದಳು. ಬೀಗರು ಇನ್ನಾರಿಗೋ ಹಚ್ಚಿದರು. ನಮ್ಮ ಲಾರಿ ಭೀಮಾ ನದಿಯ ಸೇತುವೆ ದಾಟುವಷ್ಟರಲ್ಲಿ ಸುದ್ದಿ ಶಹಾಪುರ ಮುಟ್ಟಿ ನಮಗಾಗಿ ಕಾಯುತ್ತಿತ್ತು.

ಹಲಗೆಯವರು ರಸ್ತೆಯಲ್ಲೇ ನಿಂತಿದ್ದರು. ಹೆಣ್ಣುಮಕ್ಕಳು ಕೊಡದಲ್ಲಿ ನೀರು ತಂದು ಲಾರಿಯ ಗಾಲಿಗೆ ಸುರಿದರು. ಒಬ್ಬ ಮಾತ್ರ, "ಮೊಹರಂ ಇನ್ನೂ ಭಾಳ ದೂರ ಅದಲ್ಲೋ, ಈಗ್ಯಾಕ ಸವಾರಿ?" ಎಂದ. ಪಕ್ಕದವನು, "ಹರಕೀದಿರಬೇಕು, ಸುಮ್ನ ಕೈ ಮುಗಿ" ಎಂದ. ಹಸಿರು ಮಖಮಲ್ಲು, ಬಂಗಾರದ ಜರಿ. ಇನ್ನೇನು ಸಾಕ್ಷಿ ಬೇಕು?

"ನೀ ಬಾಯಿ ಬಿಟ್ಟು ಕಾರ ಅಂತ ಹೇಳಬೇಕಿತ್ತಲ್ಲೋ?" ಅಂಬ್ರಪ್ಪ ಕೇಳಿದ.

"ಬಾಯಿ ಬಿಟ್ಟೆ. ಬಿಟ್ಟ ಕೂಡಲೇ ಸಕ್ಕರಿ ಹಾಕಿದ್ರು. ಮತ್ತ ಬಿಟ್ಟೆ, ಮತ್ತ ಹಾಕಿದ್ರು."

ಅಷ್ಟರಲ್ಲಿ ಒಬ್ಬ ಯಜಮಾನರು ಲಾರಿಯ ಮೆಟ್ಟಿಲೇರಿ ಕಿಟಕಿಗೆ ಮುಖ ಕೊಟ್ಟು, ಸವಾರಿಯ ಮುಂದೆ ಕೇಳುವ ಹಾಗೇ ಕೇಳಿದರು.

"ಈ ಸಲ ಮಳಿ ಹ್ಯಾಂಗದ, ಹೇಳಬೇಕು."

ತೌಹೀದನಿಗೆ ಕನ್ನಡ ಬರದು. ದಾರಿ ಮಧ್ಯೆ ಡೀಸೆಲ್ ಸಾಕಾಗುತ್ತದೋ ಇಲ್ಲವೋ ಎಂದು ಕೇಳುತ್ತಿದ್ದಾರೆ ಅಂದುಕೊಂಡ. ಮುಳ್ಳು ನೋಡಿ ಹೇಳಿದ: "ಟಾಂಕೀ ಆಧೀ ಹೈ. ಕಾಫೀ ಹೈ."

ಯಜಮಾನರು ಕೆಳಗಿಳಿದು ಸಾರಿದರು. "ಹತ್ತಿಕುಣಿ ಡ್ಯಾಮ್ ಅರ್ಧ ತುಂಬತದಂತ! ಅಷ್ಟ ಸಾಕಂತ!"

"ನಮ್ಮ ಆಫೀಸಿನ್ಯಾಗೂ ಪ್ರತಿ ವರ್ಷ ಅಷ್ಟೇ ಹೇಳ್ತಾರ" ಎಂದ ಅಂಬ್ರಪ್ಪ. ಅವನು ನಂಬಲು ಶುರು ಮಾಡಿದ್ದಾನೆಂದು ನನಗಾಗಲೇ ಗೊತ್ತಾಯಿತು.

ಹಲಗೆಯ ಸದ್ದಿಗೆ ಶಹಾಪುರದ ಗುಡ್ಡದ ಸಾಲಿನಲ್ಲಿ ಮಲಗಿದ ಹಾಗೆ ಕಾಣುವ ಬುದ್ಧ ಮಗ್ಗುಲು ಬದಲಿಸಿದ.

"ಏ, ಬುದ್ಧನ ತಂಟೆಕ್ಕ ಬರಬ್ಯಾಡ."

"ಆಯ್ತು, ಬದಲಿಸಲಿಲ್ಲ. ಮಗ್ಗುಲು ಬದಲಿಸಬೇಕು ಅನ್ನೋ ವಿಚಾರ ಮಾಡಿದ."

ಅಲ್ಲಿಂದ ಸುರಪುರದ ತನಕ ಜನ ನಡೆದೇ ಬಂದರು ಎಂದರೆ ನೀವು ನಂಬುವುದಿಲ್ಲ. ಆದ್ದರಿಂದ ಟಂಟಂ ಮತ್ತು ಟ್ರ್ಯಾಕ್ಟರುಗಳಲ್ಲಿ ಬಂದರು ಎನ್ನುತ್ತೇನೆ. ಅಂತೂ ಹೊತ್ತು ಇಳಿಯುವ ಮುಂಚೆ ನಮ್ಮ ಓಣಿಯ ಬಾಯಿಗೆ ಬಂದು ನಿಂತೆವು. ನಿಂತ ಮೇಲೆ ಗೊತ್ತಾಯಿತು, ಲಾರಿ ಓಣಿಯೊಳಗೆ ಹಿಡಿಸುವುದಿಲ್ಲ. ಕಾರು ಹಿಡಿಸುತ್ತದೆ, ಕಾರನ್ನು ಹೊತ್ತ ಲಾರಿ ಹಿಡಿಸುವುದಿಲ್ಲ.

ತೌಹೀದ ತಲೆ ಕೆಡಿಸಿಕೊಳ್ಳಲಿಲ್ಲ. ಹಗ್ಗ ಬಿಚ್ಚತೊಡಗಿದ. ಇಲ್ಲೇ ಇಳಿಸಿ ಬಾಗಿಲ ತನಕ ತಾನೇ ಓಡಿಸಿ ಬಿಡುತ್ತೇನೆ, ಮುಂದೆ ಇನ್ನೊಂದು ಸವಾರಿ ಕಾಯುತ್ತಿದೆ ಎಂದ.

ಓಣಿಯೊಳಗಿಂದ ಅರ್ಜುಮಂದ ಓಡಿ ಬಂದಳು. ಬಾಗಿಲಲ್ಲಿ ಚಪ್ಪಲಿ ಹಾಕಲೂ ನಿಂತಿರಲಿಲ್ಲ.

"ಮುಟ್ಟಬ್ಯಾಡ! ಯಾರೂ ಮುಟ್ಟಬ್ಯಾಡ್ರಿ!"

ಹಲಗೆ ನಿಂತಿತು. ಆ ಜನ, ಆ ನೀರು, ಆ ಊದಿನ ಹೊಗೆ ಯಾವುದೂ ಅವಳಿಗೆ ಕಾಣಲಿಲ್ಲ. ಅವಳ ಕಣ್ಣು ಇದ್ದದ್ದು ತೌಹೀದನ ಕೈಯಲ್ಲಿದ್ದ ಕೀಲಿಯ ಮೇಲೆ. ಸೀಟು ಹರಿದ ಮೇಲೆ ನಾನು ನನ್ನ ಸೈಕಲ್ಲನ್ನು ಅವಳಿಗೆ ಕೊಟ್ಟ ದಿನವೂ ಇದೇ ಮುಖ ಮಾಡಿದ್ದಳು.

ಅದೇ ಹೊತ್ತಿಗೆ ಬಸ್ಸಮ್ಮ ಗಂಧದ ಬಟ್ಟಲು ಹಿಡಿದು ಮುಂದೆ ಬಂದಳು. ಪೀರನಿಗೆ ಗಂಧ ಹಚ್ಚಲೆಂದು ಮಖಮಲ್ಲಿನ ಅಂಚು ಎತ್ತಿದಳು. ಒಳಗೆ ಗಾಲಿ.

"ಇದೇನೋ ತಮ್ಮಾ?" ನನ್ನ ಕಡೆ ತಿರುಗಿದಳು.

"ಕಾರ್ರಿ."

"ಪೀರ ಎಲ್ಲಿ?"

"ಕಾರ್ರೀ, ಬಸ್ಸಮ್ಮ."

ಶಹಾಪುರದಿಂದ ಬಡಿದ ಹಲಗೆ, ಸುರಿದ ನೀರು, ತಿನ್ನಿಸಿದ ಸಕ್ಕರೆ, ಎಲ್ಲವೂ ನನ್ನತ್ತ ನೋಡುತ್ತಿದ್ದವು. ಓಡಲು ಯಾವ ಕಡೆ ಸಂದಿ ಇದೆ ಎಂದು ನಾನೂ ನೋಡುತ್ತಿದ್ದೆ.

ಬಸ್ಸಮ್ಮ ಅರ್ಜುಮಂದಳ ಬರಿಗಾಲು ನೋಡಿದಳು, ಮುಖ ನೋಡಿದಳು.

"ಯಾಕವ್ವ ಟೀಚರ್, ಹೊಸಾ ಕಾರ ಬಂದಾಗ ಅಳ್ತಾರೇನು?"

"ನಮ್ಮ ಬಾಗಲ ಮುಂದ ಇಳೀಬೇಕಿತ್ತು, ಬಸ್ಸಮ್ಮ. ನಾ ನಡಸೋಕಿಂತ ಮೊದಲ ಅದರ ಗಾಲಿ ನೆಲ ಮುಟ್ಟಬಾರದು. ಜಲ್ಮದಾಗ ಒಂದರೆ ನನಗೇ ಮೊದಲ ಸಿಗಲಿ ಅಂತಿದ್ದೆ."

ಬಸ್ಸಮ್ಮನ ಮೊಮ್ಮಗಳು ಮಲ್ಲೇಶ್ವರಿ ಲೆಕ್ಕದಲ್ಲಿ ಪಾಸಾಗಿದ್ದು ಅರ್ಜುಮಂದಳಿಂದ. ಅದು ನೆನಪಾಯಿತೋ, ಅಥವಾ ಇಷ್ಟು ಜನರ ಮುಂದೆ ತನ್ನ ಸುದ್ದಿ ಸುಳ್ಳಾಗಬಾರದು ಅನ್ನಿಸಿತೋ, ಗೊತ್ತಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಜನರ ಕಡೆ ತಿರುಗಿದಳು.

"ಹಲಗಿ ಬಡದೀರಿಲ್ಲೋ? ನೀರು ಹಾಕೀರಿಲ್ಲೋ? ಅಂದಮ್ಯಾಲೆ ಇದು ಸವಾರಿನೇ. ಸವಾರಿ ನಡುದಾರಿಯೊಳಗ ನೆಲಕ್ಕಿಡ್ತಾರೇನು? ಏನ್ ಮಾರಿ ನೋಡ್ತೀರಿ? ಹೊರ್ರಿ!"

ಗಂಧದ ಬಟ್ಟಲಿನಿಂದ ಒಬ್ಬೊಬ್ಬರ ಅಂಗೈಗೂ ಹಚ್ಚಿದಳು. ಎಷ್ಟು ಜನ ಕೈ ಕೊಟ್ಟರು ಎಂದು ನಾನು ಎಣಿಸಲಿಲ್ಲ, ನನ್ನ ಹೆಗಲೂ ಕೆಳಗಿತ್ತು. "ಹೋ" ಎಂದರು. ಕಾರು ಲಾರಿಯಿಂದ ಎದ್ದು ಹೆಗಲ ಮೇಲೆ ಬಂತು.

ಅಂಬ್ರಪ್ಪ ಚಹಾದ ಲೋಟ ಕೆಳಗಿಟ್ಟ.

"ಕಾರು?"

"ಕಾರು."

"ಹೆಗಲ ಮ್ಯಾಲೆ?"

"ತಲಿ ಮ್ಯಾಲೆ ಇಟ್ಕೊಂಡ್ರ ಬೋಳಾಗ್ತದಲ್ಲೋ."

"ಅಲ್ಲೋ ಮಾರಾಯ, ಆಕೀನೇ ಲಾರಿ ತನಕ ಬಂದಾಳಲ್ಲ. ಅಲ್ಲೇ ಇಳಿಸಿ ಕೀಲಿ ಆಕಿ ಕೈಯಾಗ ಕೊಟ್ರ ಮುಗೀತಿತ್ತಿಲ್ಲೇನು?"

"ಅಮ್ಮೀ ಹೊಸ್ತಲದಾಗ ನಿಂತಿದ್ಲು. ಹೊಸ್ತಲ ಹೊತ್ಕೊಂಡು ಬರೋದಕ್ಕಿಂತ ಕಾರ ಹಗುರ."

ಹಲಗೆ ಮತ್ತೆ ಶುರುವಾಯಿತು. ಸವಾರಿ ಹೇಗೆ ತೂಗುತ್ತ ಸಾಗುತ್ತದೋ ಕಾರೂ ಹಾಗೇ ತೂಗಿತು. ಹೆಣ್ಣುಮಗಳು ಕಾರು ಓಡಿಸುತ್ತಾಳೇನು, ಗೋಡೆಗೆ ಹಚ್ಚುತ್ತಾಳೆ ಎಂದು ನಕ್ಕವರ ಮನೆ ಆ ಓಣಿಯಲ್ಲಿ ಕೆಲವಿವೆ. ಅವುಗಳ ಮುಂದೆ ಬಸ್ಸಮ್ಮ ಸವಾರಿಯನ್ನು ನಿಲ್ಲಿಸಿ ಎರಡೆರಡು ಸಲ ಕುಣಿಸಿದಳು. ನನ್ನ ಹೆಗಲು ಇನ್ನೂ ನೋಯುತ್ತದೆ, ಆದರೆ ಆ ಬಾಗಿಲುಗಳ ಮುಂದೆ ನೋಯಲಿಲ್ಲ.

ಹೊಸ್ತಿಲಲ್ಲಿ ಅಮ್ಮೀ ಈದ್‌ಗೆ ತೆಗೆದಿಟ್ಟ ಬಟ್ಟೆ ಉಟ್ಟು ನಿಂತಿದ್ದಳು. ಕಾರನ್ನು ಹೂವಿನ ಹಾಗೆ ಇಳಿಸಿದೆವು. ಅರ್ಜುಮಂದ ಮಖಮಲ್ಲು ಎಳೆದಳು. ಓಣಿಯಲ್ಲಿ ಮೆಣಸಿನಕಾಯಿ ರಾಶಿ ಸುರಿದ ಹಾಗಾಯಿತು. ಅಮ್ಮೀ ಹೊಸ್ತಿಲಿನಿಂದ ಸೀದಾ ಒಳಗೆ ಕಾಲಿಟ್ಟು, ಕೂತು, ಸೀಟು ಸವರಿ ನೋಡಿ ನನ್ನನ್ನೇ ಕೇಳಿದಳು: "ಊರಿಗೆಲ್ಲಾ ಹೊಲೀತಿ. ಇದಕ್ಯಾಕ ಕವರ್ ಇಲ್ಲ?"

ಅರ್ಜುಮಂದ ಸ್ಟೇರಿಂಗ್ ಹಿಡಿದಳು. ಆಗ ಹೊಸ ತೊಡಕು. ಓಣಿ ನಮ್ಮ ಮನೆಗೇ ಮುಗಿಯುತ್ತದೆ, ಕಾರಿನ ಮೂತಿ ಗೋಡೆಗಿತ್ತು. ಹೊತ್ತವರು, "ಎತ್ತಿ ತಿರುವಿ ಇಡ್ತೀವ್ರಿ ಟೀಚರ್" ಎಂದರು.

"ಹೊತ್ತಿದ್ದು ಸಾಕು. ದಾರಿ ಬಿಡ್ರಿ."

ಕನ್ನಡಿ ನೋಡಿಕೊಂಡು ಹಿಂದಕ್ಕೇ ಹೊರಟಳು. ಆ ಕಡೆ ಬಸ್ಸಮ್ಮನ ನೀರಿನ ಡ್ರಮ್ಮು, ಈ ಕಡೆ ಯಾರದೋ ಮೋಟರ್‌ಸೈಕಲ್ಲು, ನಡುವೆ ಕಟ್ಟಿದ ಆಡು. ಆಡು ಎದ್ದೇಳಲೂ ಇಲ್ಲ. ಒಂದು ಗೋಡೆಗೂ ಗೀರಿಲ್ಲ. ದೊಡ್ಡ ರಸ್ತೆಗೆ ಬಂದ ಮೇಲೂ ನಿಲ್ಲಲಿಲ್ಲ, ಒಂದು ಕಿಲೋಮೀಟರ್ ತುಂಬುವ ತನಕ ಹಿಂದಕ್ಕೇ ಹೋದಳು. ಹಲಗೆಯವರು ಎದುರಿಗೆ, ಕಾರಿನ ಮೂತಿ ನೋಡುತ್ತ ಬಡಿದುಕೊಂಡು ಬಂದರು. ತೌಹೀದ ತನ್ನ ಇನ್ನೊಂದು ಸವಾರಿ ಮರೆತು ಸಲಾಮು ಹೊಡೆದು ನಿಂತಿದ್ದ.

"ಹಿಂದಕ ಓಡ್ಸಿದ್ರ ಮೀಟರೂ ಹಿಂದಕ ಹೋಗ್ತದಲ್ಲೋ ಸುಳ್ಳಾ?" ಅಂಬ್ರಪ್ಪ ಕೊನೆಗೂ ಹಿಡಿದೆನೆಂಬಂತೆ ಬೆಂಚು ಗುದ್ದಿದ.

"ಆಕಿ ಗಣಿತದ ಟೀಚರ್. ಆಕೀ ಮುಂದ ತಪ್ಪು ಎಣಸೋ ಧೈರ್ಯ ಯಾವ ಮೀಟರ್‌ಗದ?"

"ಎಲ್ಲಾ ಸುಳ್ಳು" ಎಂದ ಅವನು. ಯಾದಗಿರಿ ಬಸ್ಸು ಇನ್ನೂ ಬಂದಿರಲಿಲ್ಲ. ನಾನು ಸುರಪುರದ ಹತ್ತಿರದ ಬೋನಾಳದ ಕೆರೆಯ ಹಕ್ಕಿಗಳ ಸಂಗತಿ ತೆಗೆದೆ. ಈ ಕತೆ ಮುಗಿಯಬೇಕಾದದ್ದು ಆ ಹಕ್ಕಿಗಳ ಹತ್ತಿರವೇ.

ಅಷ್ಟರಲ್ಲಿ ಚಹಾದಂಗಡಿಯ ಮುಂದೆ ಹಾರ್ನು ಕೇಳಿತು. ಒಣಮೆಣಸಿನಕಾಯಿ ಬಣ್ಣದ ಕಾರು. ಅರ್ಜುಮಂದ ಸ್ಟೇರಿಂಗಿನ ಹಿಂದೆ, ಪಕ್ಕದಲ್ಲಿ ಅಮ್ಮೀ. ಸೀಟಿಗೆ ಕವರ್ ಹಾಕಿಸಲು ಬಂದಿದ್ದರು. ಕಾರು ಫಳಫಳ ಹೊಳೆಯುತ್ತಿತ್ತು, ಬಾಗಿಲುಗಳ ಕೆಳಗಿನ ಅಂಚೊಂದನ್ನು ಬಿಟ್ಟು. ಅದನ್ನು ಅವಳು ತೊಳೆದಿಲ್ಲ, ಯಾರಿಗೂ ತೊಳೆಯಲು ಬಿಟ್ಟಿಲ್ಲ. ಅಲ್ಲಿ ಉದ್ದಕ್ಕೂ ಒಣಗಿದ ಗಂಧದ ಅಂಗೈ ಗುರುತುಗಳು, ಒಂದರ ಪಕ್ಕ ಒಂದು, ಈ ತುದಿಯಿಂದ ಆ ತುದಿಯ ತನಕ.

ಯಾದಗಿರಿ ಬಸ್ಸೂ ಬಂತು. ಅಂಬ್ರಪ್ಪ ಅದರ ಕಡೆ ನೋಡಲಿಲ್ಲ. ಎದ್ದ, ಕಾರಿನ ಹತ್ತಿರ ಹೋದ, ಬಗ್ಗಿ, ತನ್ನ ಅಂಗೈಯನ್ನು ಒಂದು ಗುರುತಿನ ಪಕ್ಕ ಹಿಡಿದು ನೋಡತೊಡಗಿದ.

"ಅಂಬೂ, ಮಾತು ಮುಗದಿಲ್ಲೋ. ಆ ಬೋನಾಳದ ಹಕ್ಕಿ ಬಾನೆಟ್ ಮ್ಯಾಲೆ ಕುಂತು, ನಮ್ಮ ಅರ್ಜುಮಂದಳ ಮಾರಿ ನೋಡಿ, ಏನಂತು ಅಂದ್ರ…"