ಕಸದ ಬುಟ್ಟಿಯ ಕಿತ್ತಳೆ ಸಿಪ್ಪೆ

ನಮ್ಮ ಭಾವನ ಬೇಕರಿಯ ಬಾಗಿಲು ತೆಗೆಯುವ ಮೊದಲೇ ಜನ ಬಂದು ನಿಂತಿರುತ್ತಿದ್ದರು. ಹಿಟ್ಟು ನಾದುವುದು ಭಾವ, ಒಲೆ ನೋಡಿಕೊಳ್ಳುವುದು ನಾನು, ಗಲ್ಲಾದಲ್ಲಿ ನಮ್ಮಕ್ಕ. ಅದೇ ಬೀದಿಯಲ್ಲಿ ಇನ್ನೂ ಮೂರು ಬೇಕರಿಗಳಿದ್ದವು. ಮೂವರಿಗೂ ನಮ್ಮ ಹಿತ್ತಲಿನ ಕಸದ ಬುಟ್ಟಿಯ ಮೇಲೇ ಕಣ್ಣು. ಭಾವ ಬ್ರೆಡ್ಡಿಗೆ ಏನೋ ಬೆರೆಸುತ್ತಾರೆ, ಅದೇನೆಂದು ಹುಡುಕಬೇಕು ಎಂಬುದು ಅವರ ಹಟ. ಮಾನ ಮರ್ಯಾದೆ ಬಿಟ್ಟು ಕೆದಕುತ್ತಿದ್ದರು.

ಒಂದು ದಿನ ಭಾವ ಹೇಳಿದರು: “ಲೋ ಬಾಮೈದ, ಅಷ್ಟು ಕಷ್ಟಪಟ್ಟು ಹುಡುಕೋರಿಗೆ ಏನಾದ್ರೂ ಸಿಗ್ಬೇಕಲ್ವೇನೋ. ಜ್ಯೂಸ್ ಅಂಗಡಿಯಿಂದ ಕಿತ್ತಳೆ ಸಿಪ್ಪೆ ತಗೊಂಡ್ಬಾ. ಒಂಚೂರು ಹಿಟ್ಟು ಮೆತ್ತಿ ಬುಟ್ಟಿಗೆ ಹಾಕು.”

ದಿನಾ ಹಾಕತೊಡಗಿದೆ. ಮರುವಾರವೇ ಮೂರೂ ಅಂಗಡಿಗಳ ಬ್ರೆಡ್ಡು ಬಾಯಿಗಿಡಲಾಗದಷ್ಟು ಕಹಿ. ಅವರ ಗಿರಾಕಿಗಳು ಥೂ ಅಂದು ನಮ್ಮ ಅಂಗಡಿಗೆ ಬಂದರು. ನಾನೂ ಭಾವನೂ ಒಲೆಯ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು. ಇಬ್ಬರು ಸಿಪ್ಪೆಯ ಸಹವಾಸ ಬಿಟ್ಟರು. ಎದುರು ಅಂಗಡಿಯವನು ಮಾತ್ರ ಬಿಡಲಿಲ್ಲ. ಬುಟ್ಟಿಯನ್ನು ಕುಕ್ಕಿ ಕುಕ್ಕಿ ನೋಡುತ್ತಾನೆಂದು ನಾವು ಅವನಿಗೆ ಗುಬ್ಬಿ ಅನ್ನುತ್ತಿದ್ದೆವು.

ಆಮೇಲಾಮೇಲೆ ನಮ್ಮ ಬಾಗಿಲಲ್ಲಿ ಜನ ಸ್ವಲ್ಪ ಕಡಿಮೆಯಾದರು. “ಬಿಸಿಲು ಜಾಸ್ತಿ,” ಅಂದರು ಭಾವ. ನಾನೂ ನಂಬಿದೆ.

ಒಂದು ಬೆಳಿಗ್ಗೆ ತಿಂಡಿಗೆ ಕೂತಿದ್ದೆವು. ಭಾವ ಬ್ರೆಡ್ಡಿನ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. “ನೋಡಿದ್ಯೇನೋ, ವಯಸ್ಸಾದ್ರೂ ಕೈ ಸೋತಿಲ್ಲ. ಎಂಥಾ ಘಮ.”

ಅಕ್ಕ ಚಹಾ ಸೋಸುತ್ತಾ ತಲೆ ಎತ್ತದೆ ಹೇಳಿದಳು: “ಅದು ಗುಬ್ಬಿ ಅಂಗಡೀದು ಕಣ್ರೀ.”

“ತಮಾಷೆ ಮಾಡ್ಬೇಡ.”

“ತಿಂಗಳಿಂದ ಅದನ್ನೇ ತಿಂತಿದೀರಿ. ನಮ್ದನ್ನ ಮಕ್ಳು ಮುಟ್ಟಲ್ಲ.”

ಭಾವನ ಬಾಯಲ್ಲಿದ್ದ ತುಂಡು ಒಳಗೂ ಹೋಗದು, ಹೊರಗೂ ಬರದು. ಬ್ರೆಡ್ಡನ್ನು ಬಿಡಿಸಿ ಬೆಳಕಿಗೆ ಹಿಡಿದರು. ಒಳಗೆಲ್ಲ ಸಾಸಿವೆಯಷ್ಟು ಸಣ್ಣ ಕಿತ್ತಳೆ ಸಿಪ್ಪೆಯ ಚೂರುಗಳು. ಕಟ್ಟಿದ ಏಪ್ರನ್ನಿನಲ್ಲೇ ಎದ್ದು ಬೀದಿ ದಾಟಿದರು. ನಾನು ಹಿಂದೆ ಓಡಿದೆ.

ಗುಬ್ಬಿ ಗಡಿಬಿಡಿಯಿಂದ ಕುರ್ಚಿ ತಂದಿಟ್ಟ. “ಬನ್ನಿ ಅಣ್ಣ. ನಿಮ್ಮ ಹತ್ರ ಮುಚ್ಚಿಡೋದೇನು, ಸಿಪ್ಪೆ ನಿಮ್ಮ ಬುಟ್ಟೀಲೇ ಸಿಕ್ಕಿದ್ದು. ಎಷ್ಟು ಹಿಟ್ಟು ಹಾಳಾಯ್ತೋ, ನನ್ನ ಹೆಂಡ್ತಿ ಅತ್ತೇಬಿಟ್ಳು. ಆದ್ರೂ ನೀವು ಹಾಕ್ತೀರಿ ಅಂದ್ಮೇಲೆ ಕಹಿ ತೆಗೆಯೋಕೆ ದಾರಿ ಇದ್ದೇ ಇರುತ್ತೆ ಅಂತ ಬಿಡ್ಲಿಲ್ಲ.”

“ನಾನು ಹಾಕಲ್ಲ ಕಣಪ್ಪ,” ಎಂದರು ಭಾವ.

“ಏನು?”

“ಸಿಪ್ಪೆ. ಒಂದಿನಾನೂ ಹಾಕಿಲ್ಲ. ನಿಮ್ಮ ಮೂವರ ದಾರಿ ತಪ್ಪಿಸೋಕೆ ಬುಟ್ಟಿಗೆ ಹಾಕಿಸ್ತಿದ್ದೆ.”

ಭಾವನಿಗೆಂದು ತಂದ ಕುರ್ಚಿಯಲ್ಲಿ ಗುಬ್ಬಿಯೇ ಕುಸಿದು ಕೂತ. ಬ್ರೆಡ್ ಕೊಯ್ಯುತ್ತಿದ್ದ ಅವನ ಹೆಂಡತಿಯ ಕೈ ನಿಂತಿತು.

“ಮತ್ತೆ ನಿಮ್ಮ ಬ್ರೆಡ್ಡಲ್ಲಿ ಏನಿದೆ ಅಣ್ಣ?” ಗುಬ್ಬಿ ಕೇಳಿದ.

“ಹಿಟ್ಟು, ನೀರು, ಉಪ್ಪು, ಈಸ್ಟು. ಎಲ್ಲರ ಬ್ರೆಡ್ಡಲ್ಲೂ ಇರೋದೇ.”

ಭಾವ ಗಂಟಲು ಸರಿಮಾಡಿಕೊಂಡು, ನಾನು ಎಂದೂ ಕೇಳದ ದನಿಯಲ್ಲಿ ಕೇಳಿದರು: “ಕಹಿ ಹೇಗೆ ತೆಗೆದ್ರಿ ನೀವು?”

ನೀ ಎನ್ನುತ್ತಿದ್ದವರು ಗುಬ್ಬಿಗೆ ನೀವು ಅಂದರು. ನಾನು ದಂಗಾದೆ.

ಗುಬ್ಬಿ ಬಾಯಿ ತೆರೆದ. ಹೆಂಡತಿಯ ಮುಖ ನೋಡಿದ. ಬಾಯಿಗೆ ಬಂದ ಸುಳ್ಳೊಂದನ್ನು ಹೇಳಿ ನಮ್ಮನ್ನು ಸಾಗಹಾಕಬಹುದಿತ್ತು. ಹಾಗೆ ಮಾಡಲಿಲ್ಲ. “ಅದೊಂದು ಕೇಳ್ಬೇಡಿ ಅಣ್ಣ,” ಎಂದ.

ಅಷ್ಟರಲ್ಲಿ ನಮ್ಮ ಖಾಯಂ ಗಿರಾಕಿ ಟೀಚರಮ್ಮ ಚೀಲ ಹಿಡಿದು ಒಳಗೆ ಬಂದವರು ಭಾವನನ್ನು ಕಂಡು ಗಕ್ಕನೆ ನಿಂತರು. ಆಮೇಲೆ ಅವರ ಮುಖ ಅರಳಿತು. “ಅಯ್ಯೋ, ನೀವೂ ಇಲ್ಲೇ ತಗೊಳ್ಳೋದಾ?”

ಭಾವ ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟರು.