ಓಪನ್ ಕಾರಿನ ಕಣ್ಣಿ

ಪ್ರಶಾಂತ ಶೆಟ್ಟಿ ಕಾರಿನ ಹಿಂದಿನ ಸೀಟಿನ ಮೇಲೆ ಕೂತು ಮೂರು ಸಲ ಕುಪ್ಪಳಿಸಿ ನೋಡಿದ. ನಾಲ್ಕನೆಯ ಸಲ ಈರಣ್ಣ ಮುಖ ಆ ಕಡೆ ತಿರುಗಿಸಿಕೊಂಡ. ಏಳು ವರ್ಷದಲ್ಲಿ ಆ ಸೀಟಿನ ಮೇಲೆ ಯಾರೂ ಹೀಗೆ ಕುಣಿದಿರಲಿಲ್ಲ.

"ಸ್ಪ್ರಿಂಗ್ ಒಳ್ಳೇದುಂಟು," ಎಂದ ಪ್ರಶಾಂತ.

"ಸ್ಪ್ರಿಂಗ್ ಅಲ್ರೀ ಶೆಟ್ರ, ತೆಂಗಿನ ನಾರು. ನಿಮ್ಮ ಕಡೀದ ಮಾಲ."

ಪ್ರಶಾಂತ ನಗಲಿಲ್ಲ. ಅವನ ಕಣ್ಣು ಆಕಾಶದ ಮೇಲಿತ್ತು. ಜೂನ್ ಮೊದಲ ವಾರದ ಮೋಡ ಸಾಂತಾಕ್ರೂಜಿನ ಮೇಲೆ ಕೂತುಬಿಟ್ಟಿತ್ತು. ಬೀಳುವುದೂ ಇಲ್ಲ, ಹೋಗುವುದೂ ಇಲ್ಲ. ಎರಡೆರಡು ನಿಮಿಷಕ್ಕೊಂದು ವಿಮಾನ ಅದರೊಳಗೆ ನುಗ್ಗುತ್ತಿತ್ತು, ಅಷ್ಟೂ ಸಲ ಮಾತು ನಿಲ್ಲಿಸಬೇಕಾಗುತ್ತಿತ್ತು. ಮಾಟುಂಗದಲ್ಲಿ ಅಪ್ಪನ ಹೋಟೆಲಿನ ಗಲ್ಲಾದ ಮೇಲೆ ಯಾರನ್ನೋ ಕೂರಿಸಿ ಬಂದಿದ್ದ ಪ್ರಶಾಂತ, ನಡುನಡುವೆ ಫೋನು ತೆಗೆದು ಬೈದು ಇಡುತ್ತಿದ್ದ. ನವೆಂಬರಿನಲ್ಲಿ ಅವನ ಮದುವೆ. ಹುಡುಗಿ ಯಕ್ಷಿತಾಳಿಗೆ ಓಪನ್ ಕಾರಿನಲ್ಲೇ ಮಂಟಪಕ್ಕೆ ಬರಬೇಕಂತೆ. ಬಾಡಿಗೆಯದು ಯಾಕೆ, ಸ್ವಂತದ್ದೇ ಇರಲಿ ಎಂದು ಇವನ ಹಟ.

ಈರಣ್ಣ ಕಾರಿನ ವ್ಯಾಪಾರಿಯಲ್ಲ. ಸೀಟು, ಹುಡ್ಡು ಹೊಲಿಯುವವನು. ವಿಜಯಪುರ ಕಡೆಯವನು, ಮುಂಬಯಿಗೆ ಬಂದು ಮೂವತ್ತು ವರ್ಷವಾಗಿತ್ತು. ಈ ಕಾರನ್ನು ಗುಜರಿಗೆ ಹಾಕಲು ಹೊರಟಿದ್ದ ಗಿರಾಕಿಯೊಬ್ಬನಿಂದ ಕೊಂಡಿದ್ದ. ಆಗ ಅದಕ್ಕೆ ತಲೆಯೂ ಇರಲಿಲ್ಲ, ಸೀಟೂ ಇರಲಿಲ್ಲ. ಇಂಜಿನ್ನು ಗೆಳೆಯನೊಬ್ಬ ಮಾಡಿಕೊಟ್ಟ. ಉಳಿದದ್ದೆಲ್ಲ ಈರಣ್ಣನ ದಬ್ಬಣದ ಕೆಲಸ. ಹುಡ್ಡು ಮಡಚಿದರೆ ಒಂದು ಸುಕ್ಕು ಬೀಳುತ್ತಿರಲಿಲ್ಲ, ಎಳೆದು ಹಾಕಿದರೆ ಒಂದು ಹನಿ ಸೋರುತ್ತಿರಲಿಲ್ಲ. ಅಂಗಡಿಗೆ ಬಂದ ಗಿರಾಕಿ ಮೊದಲು ಅದನ್ನು ನೋಡುತ್ತಿದ್ದ, ಆಮೇಲೆ ರೇಟು ಕೇಳುತ್ತಿದ್ದ.

ಈಗ ಆ ಅಂಗಡಿಯೇ ಉಳಿಯುವುದಿಲ್ಲ. ಬಿಲ್ಡಿಂಗ್ ಕೆಡವುತ್ತಾರೆ, ನಾಳೆ ಸಂಜೆಯೊಳಗೆ ಖಾಲಿ ಮಾಡಬೇಕು. ಸೋಮವಾರದಿಂದ ಈರಣ್ಣ ಗ್ರಾಂಟ್ ರೋಡಿನ ಒಂದು ಸೀಟ್ ಕವರ್ ಅಂಗಡಿಯಲ್ಲಿ ಬೇರೆಯವರ ಮಷೀನಿನ ಮುಂದೆ ಕೂರಬೇಕು. ಮನೆ ಚಾಳಿನಲ್ಲಿ, ಅಲ್ಲಿ ಸೈಕಲ್ ನಿಲ್ಲಿಸಲೂ ಜಾಗವಿಲ್ಲ. ಮಗಳು ನೇತ್ರಾ ಫೋನಿನಲ್ಲಿ ಜಾಹೀರಾತು ಹಾಕಿ ಮೂರು ವಾರವಾಗಿತ್ತು. ಬಂದವರೆಲ್ಲ ಕಾರಿನ ಮುಂದೆ ನಿಂತು ಫೋಟೋ ಹೊಡೆದುಕೊಂಡು ಹೋದರು. ನಿನ್ನೆ ಗುಜರಿಯವನು ಬಂದು ಬಾನೆಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಲ್ಲಂಗಡಿ ನೋಡಿದ ಹಾಗೆ ನೋಡಿದ್ದ. ಇವತ್ತು ಪ್ರಶಾಂತ ಒಯ್ಯದಿದ್ದರೆ ನಾಳೆ ಅವನು ಗ್ಯಾಸ್ ಕಟರ್ ತರುತ್ತಾನೆ.

ದರ ಫೋನಿನಲ್ಲೇ ಮುಗಿದಿತ್ತು. ಪ್ರಶಾಂತ ಒಂದು ಸುತ್ತು ಓಡಿಸಿ ಬಂದ. ನೇತ್ರಾ ಆರ್‌ಸಿ ಬುಕ್ಕು, ಸಹಿ ಹಾಕಿದ ಫಾರ್ಮು ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾನೆಟ್ಟಿನ ಮೇಲಿಟ್ಟಳು. ಪ್ರಶಾಂತ ದುಡ್ಡು ಕಳಿಸಲು ಫೋನು ತೆಗೆದ. ಈರಣ್ಣ ಚಾವಿ ಕೊಡಲು ಹೋದ.

ಚಾವಿಗೆ ಗೇಣುದ್ದದ ಒಂದು ಕಪ್ಪು ದಾರವಿತ್ತು. ಹುಡ್ಡು ಹೊಲಿದು ಮುಗಿಸಿದ ದಿನ ಉಳಿದ ನೂಲನ್ನು ಮೇಣ ಹಚ್ಚಿ ಹೊಸೆದದ್ದು. ಈರಣ್ಣ ಹೆಬ್ಬೆರಳಿನಿಂದ ಗಂಟು ಸರಿಸಿದ, ಚಾವಿ ಬಲಗೈಗೆ ಬಂತು, ದಾರ ಎಡಗೈಯೊಳಗೆ ಮುದುಡಿ ಪ್ಯಾಂಟಿನ ಕಿಸೆಗೆ ಹೋಯಿತು. ಯೋಚಿಸಿ ಮಾಡಿದ್ದಲ್ಲ. ಅವನಪ್ಪ ಕಾಶಪ್ಪ ದನದ ಸಂತೆಯಲ್ಲಿ ಎತ್ತು ಮಾರುವಾಗ ಹೀಗೇ ಮಾಡುತ್ತಿದ್ದ. ಕೊಂಡವನು ತನ್ನ ಹಗ್ಗ ತರಬೇಕು, ಮಾರಿದವನು ತನ್ನ ಕಣ್ಣಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮನೆಗೆ ಬರಬೇಕು.

ಪ್ರಶಾಂತನ ಬೆರಳು ಫೋನಿನ ಮೇಲೆ ನಿಂತಿತು.

"ಕಿಸೆಗೆ ಎಂತ ಹಾಕಿದ್ದು?"

ಈರಣ್ಣ ದಾರ ತೆಗೆದು ತೋರಿಸಿದ. "ಕಣ್ಣಿರೀ. ದನ ಮಾರಬೇಕು, ಕಣ್ಣಿ ಮಾರಬಾರದು ಅಂತಿದ್ದ ನಮ್ಮಪ್ಪ. ಕಣ್ಣಿ ಹೋತಂದ್ರ ಗ್ವಾದಲಿ ಖಾಲಿ ಬೀಳತೈತಿ."

ಪ್ರಶಾಂತನಿಗೆ ಗ್ವಾದಲಿ ಅಂದರೆ ಕೊಟ್ಟಿಗೆಯಲ್ಲಿ ದನಕ್ಕೆ ಮೇವು ಹಾಕುವ ತೊಟ್ಟಿ ಎಂದು ಗೊತ್ತಿರಲಿಲ್ಲ, ಗೊತ್ತಿದ್ದರೂ ಅವನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಅವನ ಗೆಳೆಯನೊಬ್ಬ ಹೀಗೇ ಹಳೆಯ ಬೈಕು ಕೊಂಡಿದ್ದ. ಮಾರಿದವನು ಎರಡನೆಯ ಚಾವಿ ಇಟ್ಟುಕೊಂಡಿದ್ದ. ನಾಲ್ಕನೆಯ ದಿನ ಬೈಕು ಮಾಯ. ಅದನ್ನು ಹೇಳಿ ಮುಗಿಸಿ, "ನಿಮ್ಮ ಎರಡನೇ ಚಾವಿ ಎಲ್ಲುಂಟು ಈರಣ್ಣನವರೇ?" ಎಂದ. ಮಾತು ಮೆತ್ತಗಿತ್ತು, ಅದಕ್ಕೇ ಚುಚ್ಚಿತು.

ಈರಣ್ಣ ಕಾರಿನ ಕಡೆ ನೋಡಿದ. ಚಾವಿ ಇತ್ತು. ಅಂಗಡಿಗೆ ನೂರು ಜನ ಬರುತ್ತಾರೆ, ಕಳೆಯಬಾರದು ಎಂದು ತಾನೇ ಜೋಪಾನ ಮಾಡಿದ್ದ.

"ಸೀಟಿನಾಗ ಐತ್ರಿ."

"ಸೀಟಿನಲ್ಲಿ ಎಲ್ಲಿ?"

"ಒಳಗ. ನಾರಿನಾಗಿಟ್ಟು ಹೊಲದೀನಿ."

ಒಂದು ವಿಮಾನ ಹೋಯಿತು. ನೇತ್ರಾಳ ಕಿವಿ ಕೆಂಪಾಗಿತ್ತು. "ಪಪ್ಪಾ, ಕುಛ್ ಭೀ ಹೇಳ್‌ಬೇಡ," ಎಂದು ಹಲ್ಲು ಕಚ್ಚಿ ಅಂದಳು. ಪ್ರಶಾಂತ ಫೋನು ಕಿಸೆಗೆ ಹಾಕಿಕೊಂಡು, ಇರಲಿ ಬಿಡಿ, ಮನೆಯಲ್ಲಿ ಒಮ್ಮೆ ಕೇಳುತ್ತೇನೆ, ಸೋಮವಾರ ನೋಡೋಣ ಎಂದ. ಸೋಮವಾರ ಇಲ್ಲಿ ಗೋಡೆಯೂ ಇರುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ರಿಕ್ಷಾಕ್ಕೆ ಕೈ ಮಾಡಲು ಹೊರಟೇಬಿಟ್ಟ.

"ನಿಂದರ್ರಿ," ಎಂದ ಈರಣ್ಣ.

ಒಳಗೆ ಹೋಗಿ ಗೋಣಿಯಲ್ಲಿ ಸುತ್ತಿಟ್ಟಿದ್ದ ಸಾಮಾನು ಬಿಚ್ಚಿ, ಹೊಲಿಗೆ ಬಿಚ್ಚುವ ಬ್ಲೇಡು ತಂದ. ಹಿಂದಿನ ಸೀಟಿಗೆ ಹತ್ತು ಉದ್ದನೆಯ ಪಟ್ಟಿ ಇದ್ದವು, ಎಲ್ಲ ಒಂದೇ ಅಗಲ; ಅಳೆದು ಹೊಲಿದದ್ದಲ್ಲ, ಕಣ್ಣಂದಾಜು. ಮೊದಲನೆಯ ಪಟ್ಟಿ ಸೀಳಿ ಕೈ ಹಾಕಿದ. ನಾರು ಬಂತು. ಎರಡನೆಯದು ಸೀಳಿದ. ಏಳು ವರ್ಷದ ಹಿಂದೆ ಎಲ್ಲಿಟ್ಟೆ ಎಂಬುದು ಕೈಗೆ ನೆನಪಿರಲಿಲ್ಲ. ಪ್ರಶಾಂತ ಹತ್ತಿರ ಬಂದು ನಿಂತು, ಬೇಕಾದರೆ ಬಿಡಿ ಎಂಬಂತೆ ಕೈ ಎತ್ತಿ, ಮತ್ತೆ ಇಳಿಸಿದ. ಮೂರನೆಯದು. ನಾಲ್ಕನೆಯದು. ಹೊಲಿಗೆ ಗಟ್ಟಿ ಇತ್ತು, ಬ್ಲೇಡಿಗೆ ಸುಲಭಕ್ಕೆ ಬಿಡಲಿಲ್ಲ. ಐದನೆಯದರಲ್ಲಿ ಬೆರಳಿಗೆ ತಣ್ಣಗೆ ತಾಗಿತು.

ಚಾವಿಗೆ ತುಕ್ಕು ಹಿಡಿದಿತ್ತು. ಪ್ರಶಾಂತ ತಾನೇ ಹಾಕಿ ತಿರುಗಿಸಿದ. ಗಾಡಿ ಶುರುವಾಯಿತು. ಅವನ ಮುಖ ಸಡಿಲವಾಯಿತು, ಸ್ವಲ್ಪ ಸಣ್ಣದೂ ಆಯಿತು. ಎರಡೂ ಚಾವಿ ತನ್ನ ಹೊಸ ಸ್ಟೀಲಿನ ಗೊಂಚಲಿಗೆ ಏರಿಸಿ, ದುಡ್ಡು ಕಳಿಸಿದ. ನೇತ್ರಾಳ ಫೋನು ಟಿಂಗ್ ಎಂದಿತು.

ಅಷ್ಟರಲ್ಲಿ ಈರಣ್ಣ ದಬ್ಬಣಕ್ಕೆ ನೂಲು ಪೋಣಿಸಿಕೊಂಡು ಬಂದಿದ್ದ. "ಅರ್ಧಾ ತಾಸು ಕುಂದರ್ರಿ. ಹೊಲದ ಕೊಡತೀನಿ."

"ಛೇ, ಬೇಡ ಮಾರಾಯ್ರೆ, ಮಳೆ ಬರ್ತದೆ. ಆ ಸೀಟು ನಾನು ಹೇಗೂ ತೆಗೆಸ್ಲಿಕ್ಕುಂಟು. ಯಕ್ಷಿತಾಳಿಗೆ ಕೆಂಪು ರೆಕ್ಸಿನ್ ಬೇಕಂತೆ." ಪ್ರಶಾಂತ ಸೀಟ್ ಬೆಲ್ಟು ಎಳೆದುಕೊಂಡ. "ಗ್ರಾಂಟ್ ರೋಡಿನಲ್ಲಿ ಒಂದು ಅಂಗಡಿ ಮಾತಾಡಿ ಇಟ್ಟಿದ್ದೇನೆ. ಸೋಮವಾರ ಬಿಡ್ಬೇಕು."

ನೇತ್ರಾ ಅಪ್ಪನ ಮುಖ ನೋಡಿದಳು. ಈರಣ್ಣ ಯಾವ ಅಂಗಡಿ ಎಂದು ಕೇಳಲಿಲ್ಲ, ದಬ್ಬಣವನ್ನು ಕಾಲರಿಗೆ ಚುಚ್ಚಿಕೊಂಡ. ಹುಡ್ಡಿನ ಎಡಗಡೆಯ ಕೊಂಡಿ ಒಂದು ಸಲಕ್ಕೆ ಬೀಳುವುದಿಲ್ಲ, ಮೇಲೆತ್ತಿ ಒತ್ತಬೇಕು ಎಂದಷ್ಟೇ ಹೇಳಿದ.

ಕಾರು ಓಣಿ ದಾಟಿತು. ತಿರುವಿನವರೆಗೂ ಅದರ ಹಿಂದಿನ ಸೀಟಿನಿಂದ ನಾರಿನ ಎಳೆಗಳು ಗಾಳಿಗೆ ಹಾರುತ್ತಿದ್ದವು.

ನೇತ್ರಾ ಒಳಗೆ ಹೋಗಿ ಗೋಣಿ ಮತ್ತೆ ಸುತ್ತತೊಡಗಿದಳು. ಈರಣ್ಣ ಕಿಸೆಯಿಂದ ಕಣ್ಣಿ ತೆಗೆದು, ಅದನ್ನು ದಿನಾ ನೇತುಹಾಕುತ್ತಿದ್ದ ಗೋಡೆಗೆ ಹೋದ. ಮೊಳೆಗಳನ್ನೆಲ್ಲ ಬೆಳಿಗ್ಗೆ ತಾನೇ ಕಿತ್ತಿದ್ದ. ಬರೀ ತೂತುಗಳಿದ್ದವು. ದಾರವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ನೂಲು ಪೋಣಿಸಿದ ದಬ್ಬಣ ಇನ್ನೂ ಅವನ ಅಂಗಿಯ ಕಾಲರಿನಲ್ಲೇ ಇತ್ತು.