ಅಂಟಿಲ್ಲದ ಮೂಲೆ

ಸಮಾಧಿ ಗುಂಡಿಯೊಳಗೆ ಕೂರಿಸಿದ ಶಾಂತಮೂರ್ತಿಯ ಶವದ ಸುತ್ತ ವಿಭೂತಿ ಗಟ್ಟಿ ಇಡುತ್ತಿದ್ದಾಗ, ಪುಟ್ಟಬಸಪ್ಪ ಜೇಬಿನಿಂದ ಮಡಿಸಿದ ಕಾಗದ ತೆಗೆದು ಬಿಲ್ವಪತ್ರೆಯ ಜೊತೆ ಒಳಗಿಡಲು ಬಗ್ಗಿದ. ಸತ್ತವನ ಹೆಂಡತಿ ಶಿವರತ್ನಮ್ಮ ಅವನ ಮಣಿಕಟ್ಟು ಹಿಡಿದಳು.

"ಏನಪ್ಪ ಅದು?"

"ಅವನು ಬರ್ದಿದ್ದ ಡ್ರಾಯಿಂಗು ಕಣಕ್ಕ. ಜೊತೇಲೇ ಓಗ್ಲಿ ಅಂತ."

"ಇಲ್ಲಿ ಕೊಡು."

"ಬುಡವ್ವ, ಒತ್ತಾಯ್ತದೆ," ಎಂದಳು ನಾದಿನಿ ಚನ್ನಾಜಮ್ಮ. "ನಿನ್ನೆಯಿಂದ ಒಂದ್ಲೋಟ ನೀರು ಕುಡೀದೆ ಓಡಾಡವ್ನೆ. ಗುಂಡಿ ತೋಡ್ಸಿದ್ದೂ ಅವ್ನೆಯ."

ನಿಜ. ಬೆಳಿಗ್ಗೆ ಕಾಫಿ ಆರಿಸಿ ಶಿವರತ್ನಮ್ಮನ ಕೈಗಿಟ್ಟವನೂ ಅವನೇ.

*

ಶಾಂತಮೂರ್ತಿ ಲೇಬಲ್ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದ. ಕ್ರಿಮಿನಾಶಕದ ಬಾಟಲಿಯ ಲೇಬಲನ್ನು ಪದರ ಪದರವಾಗಿ ಚಿತ್ರಿಸುತ್ತಿದ್ದ: ಮೇಲಿನ ಹಾಳೆ, ನಡುವಿನ ಅಂಟು, ಕೆಳಗಿನ ಹಾಳೆ. ಔಷಧಿ ಕಣ್ಣಿಗೆ ಸಿಡಿದರೆ ಏನು ಮಾಡಬೇಕೆಂಬುದು, ಮೇಲಿನದನ್ನು ಎತ್ತಿದರೆ ಕಾಣುವ ಕೆಳಹಾಳೆಯಲ್ಲಿರುತ್ತಿತ್ತು. "ಒದ್ದೆ ಕೈಯವ್ರಿಗೂ ಮೂಲೆ ಉಗುರಿಗೆ ಸಿಕ್ಬೇಕು ಕಣೇ," ಎಂದು ಮಾದರಿಯೊಂದನ್ನು ಬೆಲ್ಲದ ಡಬ್ಬಿಗೆ ಅಂಟಿಸಿ, ಹೆಂಡತಿಯ ಕೈ ನೆನೆಸಿ ಎತ್ತಿಸಿ ನೋಡಿದ್ದ. ನಕ್ಷೆಯಲ್ಲಿ ಒಂದು ಮೂಲೆಗೆ ಅಂಟು ಹಾಕದೆ ಬಿಟ್ಟದ್ದು ಹಾಗೆ.

ಆದರೆ ಕಾರ್ಖಾನೆಯಿಂದ ಹೊರಬಂದ ಲೇಬಲಿಗೆ ನಾಲ್ಕು ಮೂಲೆಗೂ ಅಂಟಿತ್ತು. ಕಣ್ಣಿಗೆ ಔಷಧಿ ಸಿಡಿದ ಧನಗೆರೆಯ ಹೆಂಗಸೊಬ್ಬಳು ಅದನ್ನು ಬಿಚ್ಚಲಾಗದೆ ಒದ್ದಾಡಿ ಒಂದು ಕಣ್ಣು ಕಳೆದುಕೊಂಡಳು. ನಕ್ಷೆ ನೋಡಿ ರುಜು ಹಾಕಿದ್ದ ಗೆಳೆಯ ಪುಟ್ಟಬಸಪ್ಪ ವಿಚಾರಣೆಯಲ್ಲಿ, "ಅವನು ಬರ್ದದ್ದೇ ಅಂಗೆ ಸಾ," ಅಂದ. ಮೊದಲ ನಕ್ಷೆ ಎಲ್ಲೂ ಸಿಗಲಿಲ್ಲ. ಶಾಂತಮೂರ್ತಿಯ ಕೆಲಸ ಹೋಯಿತು.

ಕೊನೆಕೊನೆಗೆ ಅವನಿಗೇ ಅನುಮಾನ. "ನಾನೇ ಬರ್ಯೋದು ಮರ್ತಿದ್ನೇನೋ ಕಣೇ."

"ಇರ್ಬೌದು, ಮನಿಕಳಿ," ಎಂದಿದ್ದಳು ಶಿವರತ್ನಮ್ಮ.

*

ಕಾಗದ ಬಿಚ್ಚಿದಳು. ಮೇಲಿನ ಹಾಳೆಯ ಮೂಲೆಗೆ ಬಾಣದ ಗುರುತು, ಪಕ್ಕದಲ್ಲಿ ಗಂಡನ ದುಂಡು ಅಕ್ಷರ: 'ಇಲ್ಲಿ ಅಂಟು ಬೇಡ.' ಕೆಳಗೆ ಪುಟ್ಟಬಸಪ್ಪನ ರುಜು.

"ಎಲ್ಲಿತ್ತು?"

"ನನ್ ಬೀರೂಲಿ. ಎಂಟು ವರ್ಸ." ಅವನು ತಲೆ ಎತ್ತಲಿಲ್ಲ. "ಕೆಲ್ಸ ಬೇಗ ಆಗ್ಲಿ, ಪೂರ್ತಿ ಅಂಟು ಆಕು ಅಂದ್ರು ಮೇಲ್ನೋರು. ತಿದ್ದಿ ಬೇರೆ ಬರ್ದೋನು ನಾನೇ ಕಣಕ್ಕ. ಯೋಳಿದ್ರೆ ನನ್ ಕೆಲ್ಸ ಓಯ್ತಿತ್ತು."

"ಊರಿಗ್ ಯೋಳ್ದಿದ್ರೂ ಓಗ್ಲಿ. ಅವ್ರೊಬ್ರಿಗೆ ಯೋಳ್ಬಾರ್ದಾಗಿತ್ತಾ?"

ಪುಟ್ಟಬಸಪ್ಪನ ಮುಷ್ಟಿಯಿಂದ ಬಿಲ್ವಪತ್ರೆ ಒಂದೊಂದೇ ಉದುರಿತು.

ಶಿವರತ್ನಮ್ಮ ಗುಂಡಿಯ ಅಂಚಿನಲ್ಲಿ ಮಂಡಿಯೂರಿದಳು. ಕಾಗದವನ್ನು ಎರಡೂ ಕೈಯಲ್ಲಿ ಅಗಲಿಸಿ, ವಿಭೂತಿ ಬಳಿದ ಆ ಮುಖದ ನೇರಕ್ಕೆ ಹಿಡಿದಳು. ಗಾಳಿಗೆ ಅದರ ಮೂಲೆಯೊಂದು ಏಳುತ್ತಿತ್ತು. ಹೆಬ್ಬೆರಳಲ್ಲಿ ಒತ್ತಿ ಹಿಡಿದಳು. ಹಿಡಿಮಣ್ಣು ತೆಗೆದುಕೊಂಡವರು, ಅವನು ಓದಿ ಮುಗಿಸಲೆಂಬಂತೆ, ಹಾಗೇ ನಿಂತರು.